ಒಂದು ದಿನ ಸುಮ್ಮನಿರುವ ಪಂದ್ಯ

ಹಡಗು ಬಂದರಿಗೆ ತಾಗುವ ಮೊದಲೇ ಗಂಡಹೆಂಡಿರ ನಡುವೆ ಪಂದ್ಯ ಕಟ್ಟಿ ಆಗಿತ್ತು. ತಿಂಡಿ ತಿನ್ನುವ ಕೋಣೆಯಲ್ಲಿ, ಕಿಟಕಿ ಪಕ್ಕದ ಟೇಬಲ್ಲಿನಲ್ಲಿ, ಮಗಳ ಎದುರಿಗೇ.

"ಒಂದೇ ಒಂದು ದಿನ," ಎಂದಳು ಟೈಲರಮ್ಮ. "ಹಡಗಿಂದ ಇಳಿದಾಗಿಂದ ವಾಪಸ್ ಹತ್ತೋವರೆಗೆ ನೀವು ಯಾರಿಗೂ ಇಲ್ಲಿ ನಿಂತ್ಕೋ, ಅಲ್ಲಿ ಕೂತ್ಕೋ, ಮುಂದೆ ನಡಿ, ಹಿಂದೆ ಸರಿ ಅನ್ನಬಾರದು. ರಿಸಾರ್ಟಿಗೆ ಬಂದೋರ ಥರ ಬಿದ್ಕೊಂಡಿರಬೇಕು."

"ಅಂದ್ರೆ?"

"ಅಂದ್ರೆ ಊರಿಗೆ ಹೋದ ಮಾರನೇ ದಿನವೇ ಆ ಟೈಂಕೀಪರ್ ಕೆಲಸಕ್ಕೆ ಸೇರ್ಕೋಬೇಕು."

"ಅನ್ನದೇ ಇದ್ರೆ?"

"ನನ್ನ ಹೊಲಿಗೆ ರೂಮಲ್ಲಿ ನಿಮ್ಮ ಟೇಬಲ್ಲು ಹಾಗೇ ಇರ್ಲಿ. ಸಾಯೋವರೆಗೂ ಆ ಮಾತೆತ್ತಲ್ಲ."

ಬಸ್ ಕಂಡಕ್ಟರಾಗಿದ್ದ ಯಜಮಾನರು ಮೀಸೆಯಡಿಯಲ್ಲಿ ನಕ್ಕರು. ಮಗಳು ಬ್ರೆಡ್ಡಿಗೆ ಬೆಣ್ಣೆ ಸವರುತ್ತ, "ನಾನೇ ಅಂಪೈರ್," ಎಂದಳು. ಅಳಿಯ ಸಮುದ್ರ ಆಗಿಬರದೆ ಕ್ಯಾಬಿನ್ನಿನಲ್ಲಿ ಮಲಗಿದ್ದ. ಈ ಪ್ರವಾಸಕ್ಕೆ ಎಲ್ಲರ ಟಿಕೆಟ್ ತೆಗೆಸಿದವನೂ ಅವನೇ, ಪಾಪ.

ಕಂಡಕ್ಟರು ನಿವೃತ್ತರಾಗಿ ಬಹಳ ದಿನವೇನೂ ಆಗಿರಲಿಲ್ಲ. ಆದರೆ ಅಷ್ಟರೊಳಗೆ ಮನೆಯನ್ನು ಬಸ್ಸು ಮಾಡಿಟ್ಟಿದ್ದರು. ಹೊಲಿಗೆ ರೂಮು ಮೊದಲೇ ಚಿಕ್ಕದು. ಕಿಟಕಿಗೆ ಅಂಟಿಕೊಂಡು ಮಿಷನ್ನು, ಮೂಲೆಯಲ್ಲಿ ಬಟ್ಟೆ ಹಾಕಿ ನೋಡಲು ಒಂದು ಪರದೆ, ಗೋಡೆಗೆ ಕನ್ನಡಿ. ಆ ಇಕ್ಕಟ್ಟಿನಲ್ಲಿ ಅವರೊಂದು ಟೇಬಲ್ಲು ತಂದು ಹಾಕಿಕೊಂಡು ಬಾಗಿಲ ಪಕ್ಕ ಕೂತರು. ಗಿರಾಕಿ ಹೆಂಗಸರು ಚಪ್ಪಲಿ ಬಿಡುವಷ್ಟರಲ್ಲಿ, "ಬಾಗಿಲಲ್ಲಿ ನಿಲ್ಲಬೇಡಿ, ಒಳಗೆ ನಡೀರಿ, ಒಳಗೆ ಜಾಗ ಇದೆ," ಎನ್ನುತ್ತಿದ್ದರು. ಒಳಗೆ ಜಾಗವೇ ಇರುತ್ತಿರಲಿಲ್ಲ. ಹೊಲಿಯಬೇಕಾದ ಬಟ್ಟೆಯ ಗಂಟುಗಳನ್ನು ಬಡಾವಣೆಯ ಪ್ರಕಾರ ಜೋಡಿಸಿ, ದೂರದವರದ್ದು ಮೊದಲು ಹೊರಡಬೇಕು, ಹತ್ತಿರದವರದ್ದು ಆಮೇಲೆ ಎಂದು ಕಾನೂನು ಮಾಡಿದರು. ಪಕ್ಕದ ಮನೆಯಾಕೆ ಸಂಜೆಗೆ ಬೇಕು ಎಂದು ಕೊಟ್ಟ ಗೌನು ಮೂರು ವಾರ ಗಂಟಿನಲ್ಲೇ ಕೂತಿತು. ಆಕೆ ಈಗ ಎದುರು ಬೀದಿಯ ಟೈಲರ್ ಹತ್ತಿರ ಹೋಗುತ್ತಾಳೆ. ಆಕೆಯ ಹಿಂದೆ ಇನ್ನೂ ಕೆಲವರು. ಟೈಲರಮ್ಮ ಹುಡುಗಿಯಾಗಿದ್ದಾಗಿನಿಂದ ಮಿಷನ್ನು ತುಳಿದು ಕಟ್ಟಿದ ಕಸುಬು ಕಣ್ಣೆದುರೇ ಬಿಚ್ಚಿಕೊಳ್ಳುತ್ತಿತ್ತು. ಖಾಸಗಿ ಬಸ್ ನಿಲ್ದಾಣದ ಮ್ಯಾನೇಜರು, ಕಂಡಕ್ಟರ ಹಳೆಯ ಗೆಳೆಯ, ಟೈಂಕೀಪರ್ ಕೆಲಸಕ್ಕೆ ಬಾ ಎಂದು ಮೂರು ಸಲ ಫೋನು ಮಾಡಿದ್ದ. "ನಾನು ದುಡಿದಿದ್ದು ಸಾಕು, ಇನ್ನು ಮನೆ ನೋಡ್ಕೋತೀನಿ," ಎಂದು ಇವರು ಮೂರು ಸಲವೂ ಫೋನಿಟ್ಟಿದ್ದರು.

ಜಗಳವಾಡಿ ನೋಡಿದ್ದಳು, ಅತ್ತು ನೋಡಿದ್ದಳು, ಮಾತು ಬಿಟ್ಟು ನೋಡಿದ್ದಳು. ಉಳಿದದ್ದು ಪಂದ್ಯ. ಈ ಮನುಷ್ಯ ಅರ್ಧ ಗಂಟೆಯೂ ಸುಮ್ಮನಿರಲಾರ ಎಂಬುದರಲ್ಲಿ ಅವಳಿಗೆ ಎಳ್ಳಷ್ಟೂ ಅನುಮಾನವಿರಲಿಲ್ಲ.

ಬಂದರಿನಿಂದ ರಿಸಾರ್ಟಿಗೆ ಹೋಗುವ ಬಸ್ಸಿನ ಬಾಗಿಲಲ್ಲಿ ಹಡಗಿನ ಜನ ಜೇನುಹುಳದ ಹಾಗೆ ಮುತ್ತಿಕೊಂಡರು. ಇಳಿಯುವವರಿಲ್ಲ, ಬರೀ ಹತ್ತುವವರು, ಆದರೂ ತಳ್ಳಾಟ. ಟೈಲರಮ್ಮ ಗಂಡನ ಮುಖವನ್ನೇ ನೋಡಿದಳು. ಎಲ್ಲರೂ ಹತ್ತಿದ ಮೇಲೆ ಕಂಡಕ್ಟರು ಹತ್ತಿ, ಸಿಕ್ಕ ಸೀಟಿನಲ್ಲಿ ಕೂತು, ಕೈಕಟ್ಟಿಕೊಂಡರು.

"ಅಪ್ಪಂಗೆ ಫುಲ್ ಮಾರ್ಕ್ಸ್," ಎಂದಳು ಮಗಳು.

"ಇನ್ನೂ ಬೆಳಗಾಗಿದೆ ಅಷ್ಟೇ," ಎಂದಳು ತಾಯಿ.

ರಿಸಾರ್ಟಿನ ಬಾಗಿಲಲ್ಲಿ ಎಲ್ಲರ ಮಣಿಕಟ್ಟಿಗೂ ಹಳದಿ ಪಟ್ಟಿ ಕಟ್ಟಿದರು. ಒಳಗೆ ನೀಲಿ ಈಜುಕೊಳ, ಅದರಾಚೆ ಬಿಳಿ ಮರಳು, ಮರಳಿನ ಮೇಲೆ ಹುಲ್ಲಿನ ಕೊಡೆಗಳ ಕೆಳಗೆ ಸಾಲುಸಾಲು ಒರಗು ಕುರ್ಚಿ. ಕುರ್ಚಿಗಳ ಮೇಲೆ ಮನುಷ್ಯರಿರಲಿಲ್ಲ. ಬರೀ ಟವೆಲ್ಲುಗಳಿದ್ದವು. ಮೊದಲ ಬಸ್ಸಿನಲ್ಲಿ ಬಂದವರು ಟವೆಲ್ ಹಾಸಿ ಜಾಗ ಹಿಡಿದು ಎತ್ತಲೋ ತಿರುಗಾಡಲು ಹೋಗಿದ್ದರು.

ಟೈಲರಮ್ಮನಿಗೆ ಒಳಗೊಳಗೇ ಹಾಲು ಕುಡಿದಷ್ಟು ಸಂತೋಷವಾಯಿತು. ಸರ್ವಿಸ್ಸು ಪೂರ್ತಿ ಕಂಡಕ್ಟರು ಕಾದಾಡಿದ್ದು ಒಂದೇ ಶತ್ರುವಿನ ಜೊತೆ. ಬಸ್ಸು ನಿಲ್ಲುವ ಮೊದಲೇ ಕಿಟಕಿಯಿಂದ ಕರ್ಚೀಫು ಎಸೆದು ಸೀಟು ಹಿಡಿಯುವವರು. ಅಂಥ ಕರ್ಚೀಫುಗಳನ್ನು ಚಿಟಿಕೆಯಲ್ಲೆತ್ತಿ, "ಇದು ಯಾರ ಮೂಗಿಂದು?" ಎಂದು ಇಡೀ ಬಸ್ಸಿಗೆ ಕೇಳುವಂತೆ ಕೂಗುತ್ತಿದ್ದ ಮನುಷ್ಯ ಇವರು. ಈಗ ಅವರೆದುರು ಒಂದಿಡೀ ಬೀಚಿನ ಕರ್ಚೀಫುಗಳು.

ಕೊಡೆಗಳ ಸಾಲಿನ ತುದಿಯಲ್ಲಿ ಖಾಲಿ ಕುರ್ಚಿಗಳೂ ಇದ್ದವು. ಅವಳು ಬೇಕೆಂದೇ ಟವೆಲ್ಲಿನ ಸಾಲು ಪೂರ್ತಿ ಕಾಣುವ ಜಾಗ ಆರಿಸಿ, "ಇಲ್ಲೇ ಚೆನ್ನಾಗಿದೆ, ಗಾಳಿ ಬರುತ್ತೆ," ಎಂದಳು.

ಕಂಡಕ್ಟರು ಕೂತರು. ನೋಡಿದರು. ಕಾಲಾಡಿಸಿದರು. ಯಾರೋ ದಂಪತಿ ಮಗು ಎತ್ತಿಕೊಂಡು ನೆರಳು ಹುಡುಕುತ್ತ ಆ ಖಾಲಿ ಟವೆಲ್ಲುಗಳ ಮುಂದೆ ಎರಡು ಸಲ ಹೋಗಿ ಬಂದರು. ಕಂಡಕ್ಟರ ಬಲಗೈ ತಾನಾಗಿಯೇ ಮೇಲೆದ್ದಿತು. ಎಡಗೈ ಅದನ್ನು ಹಿಡಿದು ತೊಡೆಯ ಮೇಲಿಟ್ಟಿತು. ಆಮೇಲೆ ಅವರೆದ್ದು, ತಮ್ಮ ಕುರ್ಚಿಯನ್ನೇ ಸಮುದ್ರದ ಕಡೆ ತಿರುಗಿಸಿ, ಟೋಪಿಯನ್ನು ಮೂಗಿನವರೆಗೆ ಎಳೆದುಕೊಂಡರು.

"ಏನ್ರೀ, ನೋಡೋಕಾಗ್ತಿಲ್ವಾ?"

"ಸಮುದ್ರ ಚೆನ್ನಾಗಿದೆ ಕಣೇ. ಅಲೆಗಳು ಎಷ್ಟು ಶಿಸ್ತಾಗಿ ಒಂದರ ಹಿಂದೆ ಒಂದು ಬರ್ತವೆ ನೋಡು. ತಳ್ಳಾಟವಿಲ್ಲ, ಏನಿಲ್ಲ."

ಮಗಳು ನಕ್ಕು ನಕ್ಕು ಜ್ಯೂಸು ಮೈಮೇಲೆ ಚೆಲ್ಲಿಕೊಂಡಳು.

ಊಟದ ಹೊತ್ತಿಗೆ ಟೈಲರಮ್ಮ ಕಾದು ಕೂತಳು. ದೊಡ್ಡ ಹಂಚಿನ ಚಾವಡಿಯಲ್ಲಿ ಊಟ ಇಟ್ಟಿದ್ದರು. ಸಾಲು ಎಲ್ಲಿ ಶುರು, ಎಲ್ಲಿ ಮುಗಿಯಿತು ಎಂದು ಸಾಲಿನಲ್ಲಿದ್ದವರಿಗೇ ಗೊತ್ತಿರಲಿಲ್ಲ. ತಟ್ಟೆ ಇಟ್ಟಿದ್ದು ಒಂದು ಕಡೆ, ಚಮಚ ಇಟ್ಟಿದ್ದು ಅದರ ಎದುರು ತುದಿಗೆ. ಎರಡು ಕಡೆಯಿಂದ ಬಂದವರು ಅನ್ನದ ಮುಂದೆ ಡಿಕ್ಕಿ ಹೊಡೆಯುತ್ತಿದ್ದರು. ಗಲಾಟೆ ಹದಕ್ಕೆ ಬರುವವರೆಗೆ ಕಾದು, "ರೀ, ನಂಗೆ ಕಾಲು ನೋವು. ನನ್ನ ತಟ್ಟೆನೂ ನೀವೇ ತಂದ್ಬಿಡಿ," ಎಂದಳು.

ಕಂಡಕ್ಟರು ಹೋದರು. ಈಗ ಕೂಗುತ್ತಾರೆ, ಈಗ ಕೂಗುತ್ತಾರೆ ಎಂದು ಅವಳು ಕಿವಿ ನೆಟ್ಟಗೆ ಮಾಡಿ ಕೂತಳು. ಬಹಳ ಹೊತ್ತಿನ ಮೇಲೆ ಅವರು ಎರಡು ತಟ್ಟೆ ಹಿಡಿದು ಬಂದರು. ಕೆನ್ನೆ ಉಬ್ಬಿತ್ತು.

"ಅದೇನ್ರೀ ಬಾಯಲ್ಲಿ?"

ಕಂಡಕ್ಟರು ತಟ್ಟೆ ಇಟ್ಟು, ಅಂಗೈಗೆ ಐಸಿನ ಗಡ್ಡೆಯೊಂದನ್ನು ಉಗುಳಿದರು. "ಜ್ಯೂಸಿನ ಹತ್ರ ಇತ್ತು. ಬಾಯಿ ತುಂಬ ತುಂಬ್ಕೊಂಡು ನಿಂತೆ. ಒಬ್ಬ ನನ್ನ ಮುಂದೇನೇ ನುಗ್ಗಿದ. ಕಚಕ್ ಅಂತ ಕಡಿದೆ. ಐಸು!"

"ಇದು ಮೋಸ," ಎಂದಳು ಟೈಲರಮ್ಮ ಅಂಪೈರ್ ಕಡೆ ತಿರುಗಿ.

"ಐಸ್ ತಿನ್ನಬಾರದು ಅಂತ ಯಾವ ರೂಲ್ಸಲ್ಲಿದೆ ಅಮ್ಮ?"

ಊಟವಾದ ಮೇಲೆ ಪಕ್ಕದ ಕೊಡೆಗಾಗಿ ಇಬ್ಬರು ಹೆಂಗಸರು ಜಗಳಕ್ಕೆ ನಿಂತರು. ನಾನು ಮೊದಲು ಎಂದು ಇವಳು, ಚೀಲ ಮೊದಲು ಇಟ್ಟಿದ್ದು ನಾನು ಎಂದು ಅವಳು. ಟೈಲರಮ್ಮ ನಾಚಿಕೆ ಬಿಟ್ಟು ಎದ್ದು ಹೋಗಿ, "ಇಂಥದ್ದೆಲ್ಲ ನಮ್ಮನೆಯವರಿಗೆ ಚೆನ್ನಾಗಿ ಗೊತ್ತು. ಅವರನ್ನೇ ಕೇಳಿ," ಎಂದು ಇಬ್ಬರನ್ನೂ ಕರೆದುತಂದು ಗಂಡನ ಕುರ್ಚಿಯ ಅಕ್ಕಪಕ್ಕ ನಿಲ್ಲಿಸಿದಳು.

ಕಂಡಕ್ಟರು ಟೋಪಿ ಸರಿಸಿ ಇಬ್ಬರನ್ನೂ ನೋಡಿದರು. ಆಮೇಲೆ ಹೆಂಡತಿಯನ್ನು ನೋಡಿದರು.

"ತಾಯಿ, ನಾನು ರಜೆ ಮೇಲಿದ್ದೀನಿ," ಎಂದು ಟೋಪಿ ಮುಚ್ಚಿಕೊಂಡರು.

ಸ್ವಲ್ಪ ಹೊತ್ತಿಗೆ ಗೊರಕೆ ಕೇಳಿಸಿತು. ಮೊದಲು ಟೈಲರಮ್ಮ ಅದು ನಾಟಕ ಅಂದುಕೊಂಡಳು. ಆದರೆ ಬಾಯಿ ತೆರೆದುಕೊಂಡಿತ್ತು, ಜೊಲ್ಲು ಇಳಿಯುತ್ತಿತ್ತು. ಆ ಮನುಷ್ಯ ನಿಜಕ್ಕೂ ನಿದ್ದೆ ಹೋಗಿದ್ದರು. ಪಂದ್ಯ ಸೋಲಬಹುದೆಂದು ಅವಳಿಗೆ ಮೊದಲ ಸಲ ಅನಿಸಿತು. ಸುತ್ತ ಎಲ್ಲರೂ ಹಾಯಾಗಿ ಬಿದ್ದುಕೊಂಡಿದ್ದರು. ನೀರು ನೀಲಿಯಾಗಿತ್ತು, ಗಾಳಿ ಬೆಚ್ಚಗಿತ್ತು, ಕಾಲಡಿ ಮರಳು ಮೆತ್ತಗಿತ್ತು. ಅವಳಿಗೆ ಒಂದೂ ರುಚಿಸಲಿಲ್ಲ.

ಎದ್ದಾಗ ಕಂಡಕ್ಟರ ಮುಖ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. "ಎಂಥಾ ಸುಖ ಕಣೇ ಇದು! ಇಷ್ಟು ದಿನ ಗೊತ್ತೇ ಇರ್ಲಿಲ್ಲ ನೋಡು. ಊರಿಗೆ ಹೋದ್ಮೇಲೆ ಇಂಥದ್ದೇ ಒಂದು ಒರಗು ಕುರ್ಚಿ ತರಿಸ್ತೀನಿ."

"ಎಲ್ಲಿ ಹಾಕ್ತೀರಿ?"

"ನಿನ್ನ ಹೊಲಿಗೆ ರೂಮಲ್ಲೇ. ಟೇಬಲ್ ಪಕ್ಕ. ಮಿಷನ್ನು ಸ್ವಲ್ಪ ಆ ಕಡೆ ಸರಿಸಿದ್ರೆ ಕಾಲು ಚಾಚೋಕೆ ಜಾಗ ಆಗುತ್ತೆ."

ಟೇಬಲ್ಲು ಹೋಗುವುದಿರಲಿ, ಈಗ ಕುರ್ಚಿಯೂ ಬರಲಿತ್ತು.

ಹಡಗಿಗೆ ಮರಳುವ ಬಸ್ಸು ರಿಸಾರ್ಟಿನ ಹಿಂದಿನ ಅಂಗಳದಲ್ಲಿ, ಮೂತಿ ಗೋಡೆಗೆ ತಾಗಿಸಿ ನಿಂತಿತ್ತು. ಎಲ್ಲರೂ ಹತ್ತಿದರು. ಟೈಲರಮ್ಮ ಸೋತ ಮುಖ ಹೊತ್ತು ಮಗಳ ಜೊತೆ ಕಟ್ಟಕಡೆಯ ಸೀಟಿಗೆ ಹೋಗಿ ಕೂತಳು. ಕಂಡಕ್ಟರು ಡ್ರೈವರ್ ಹಿಂದಿನ ಸೀಟಿನಲ್ಲಿ ಕಾಲ ಮೇಲೆ ಕಾಲು ಹಾಕಿ, ತಿರುಗಿ ಹೆಂಡತಿಗೆ ಕಣ್ಣು ಹೊಡೆದರು.

ಡ್ರೈವರು ಹೊಸಬ. ರಿವರ್ಸ್ ಹಾಕಿ ಒಂದೇ ಕಡೆಯ ಕನ್ನಡಿ ನೋಡುತ್ತ ಬಸ್ಸನ್ನು ಹಿಂದಕ್ಕೆ ಬಿಟ್ಟ. ಅಂಗಳದ ನಡುವೆ ಒಂದು ಕಾರಂಜಿ ಇತ್ತು. ಕಲ್ಲಿನ ಮೀನೊಂದು ಬಾಲ ಎತ್ತಿ ನಿಂತು ಬಾಯಿಂದ ನೀರು ಉಗುಳುತ್ತಿತ್ತು. ಹಿಂದಿನ ಗಾಜಿನಲ್ಲಿ ಆ ಮೀನು ದೊಡ್ಡದಾಗುತ್ತ ಬರುವುದು ಟೈಲರಮ್ಮನಿಗೆ ಸ್ಪಷ್ಟವಾಗಿ ಕಂಡಿತು.

"ಅಮ್ಮ! ಹೇಳು ಅವನಿಗೆ!" ಮಗಳು ತೋಳು ಹಿಡಿದು ಅಲ್ಲಾಡಿಸಿದಳು.

"ಸುಮ್ನಿರೇ."

"ಗುದ್ದುತ್ತಾನಮ್ಮ!"

"ನಿಮ್ಮಪ್ಪನಿಗೂ ಕಿಟಕಿ ಇದೆ."

ಕಂಡಕ್ಟರು ಕಿಟಕಿಯಿಂದ ತಲೆ ಹೊರಗೆ ಹಾಕಿ ನೋಡಿದರು. ಕಾಲ ಮೇಲಿನ ಕಾಲು ಕೆಳಗಿಳಿಯಿತು. ಕೈ ಮುಂದಿನ ಕಂಬಿ ಹಿಡಿಯಿತು. ಮೀನಿನ ಬಾಯಿಯ ನೀರು ಹಿಂದಿನ ಗಾಜಿಗೆ ರಪ್ಪನೆ ಹೊಡೆಯಿತು.

"ಹೋಲ್ಡಾನ್!"

ಆ ಕೂಗಿಗೆ ಬಸ್ಸಷ್ಟೇ ಅಲ್ಲ, ಒಳಗೆ ಮಾತಾಡುತ್ತಿದ್ದವರು, ಬಿಸ್ಕತ್ತು ಕಡಿಯುತ್ತಿದ್ದವರು ಎಲ್ಲರೂ ನಿಂತುಬಿಟ್ಟರು. ಕಂಡಕ್ಟರು ಆಗಲೇ ಕೆಳಗಿಳಿದಿದ್ದರು. "ಏನಪ್ಪಾ, ಮೀನಿಗೂ ಟಿಕೆಟ್ ಕೊಡ್ತೀಯಾ? ಮುಂದೆ ತಗೋ. ತಗೋ. ಹಾಂ. ಈಗ ಎಡಕ್ಕೆ ಹೊಡಿ, ಪೂರ್ತಿ ಹೊಡಿ. ಬರ್ಲಿ, ಬರ್ಲಿ, ಬರ್ಲಿ..." ಅಂಗೈಯಲ್ಲಿ ಬಸ್ಸಿನ ಬೆನ್ನು ತಟ್ಟುತ್ತ ಅವರು ಆ ದೊಡ್ಡ ಗಾಡಿಯನ್ನು ಎಮ್ಮೆ ಕರೆತಂದ ಹಾಗೆ ಕಾರಂಜಿಯ ಪಕ್ಕದಿಂದ ಸುತ್ತಿಸಿ ಹೊರತಂದರು. ಮೂತಿ ಗೇಟಿನ ಕಡೆ ತಿರುಗಿತು. ಎರಡು ಸಲ ದಡ್ ದಡ್ ಎಂದು ಬಡಿದು ಗಂಟಲು ಬಿಚ್ಚಿ ಕೂಗಿದರು:

"ರೈಟ್! ರೈಟ್!"

ಡ್ರೈವರು ಮಾತು ಕೇಳುವ ಹುಡುಗ. ಹೊರಟೇಬಿಟ್ಟ.

ಕಂಡಕ್ಟರಿಗೇನೂ ಗಾಬರಿಯಾಗಲಿಲ್ಲ. ಇಡೀ ಸರ್ವಿಸ್ಸಿನಲ್ಲಿ ಅವರು ನಿಂತ ಬಸ್ಸು ಹತ್ತಿದವರೇ ಅಲ್ಲ. ಮೊದಲು ರೈಟ್ ಹೇಳಿ, ಬಸ್ಸು ಕದಲಿದ ಮೇಲೆ, ಗತ್ತಿನಲ್ಲಿ ನಾಲ್ಕು ಹೆಜ್ಜೆ ಓಡಿ ಹಿಂದಿನ ಬಾಗಿಲ ಕಂಬಿಗೆ ಕೈ ಹಾಕಿ ಜಿಗಿಯುವುದೇ ಪದ್ಧತಿ. ಹಾಗೇ ಓಡಿದರು. ಹಾಗೇ ಕೈ ಹಾಕಿದರು. ಈ ಬಸ್ಸಿಗೆ ಹಿಂದೆ ಬಾಗಿಲೇ ಇರಲಿಲ್ಲ. ಅಲ್ಲಿದ್ದದ್ದು ರಿಸಾರ್ಟಿನ ಜಾಹೀರಾತಿಗೆಂದು ಬಳಿದ ಒಂದು ಹಸಿರು ಮರ. ಕಂಡಕ್ಟರು ಆ ಮರವನ್ನು ತಬ್ಬಿಕೊಳ್ಳಲು ಹೋಗಿ, ಜಾರಿ, ಎರಡು ಸುತ್ತು ತಿರುಗಿ ನಿಂತರು.

ಬಸ್ಸು ಮುಂದೆ ಹೋಯಿತು.

"ಅಪ್ಪ!" ಮಗಳು ಏಳಲು ಹೋದಳು. ಟೈಲರಮ್ಮ ಅವಳ ಭುಜ ಒತ್ತಿ ಕೂರಿಸಿ, ಪಕ್ಕದ ಗಾಜು ಸರಿಸಿ ತಲೆ ಹೊರಗೆ ಹಾಕಿದಳು. ಗೇಟಿನ ತನಕ ದಾರಿಯುದ್ದಕ್ಕೂ ಹಂಪುಗಳು, ಬಸ್ಸು ಆಮೆಯಂತೆ ಹೋಗುತ್ತಿತ್ತು. ಕಂಡಕ್ಟರು ಚಪ್ಪಲಿ ಕೈಯಲ್ಲಿ ಹಿಡಿದು ಓಡಿ ಬರುತ್ತಿದ್ದರು.

"ನಿಲ್ಸೇ!"

"ಪಂದ್ಯ ಏನಾಯ್ತು ರೀ?"

"ಅದು ಎಮರ್ಜೆನ್ಸಿ! ಲೆಕ್ಕಕ್ಕಿಲ್ಲ!"

"ಹಾಗಾ? ಸರಿ ಹಾಗಾದ್ರೆ, ಹಡಗಲ್ಲಿ ಸಿಗೋಣ." ಅವಳು ಗಾಜು ಮುಚ್ಚುವಂತೆ ಮಾಡಿದಳು.

"ಲೇ! ಲೇ! ಹೋಗ್ತೀನಿ!"

"ಎಲ್ಲಿಗೆ?"

"ಟೈಂಕೀಪರ್ ಕೆಲಸಕ್ಕೆ! ಹೋಗ್ತೀನಿ ಕಣೇ!"

"ಟೇಬಲ್ಲು?"

"ಹೊತ್ಕೊಂಡೇ ಹೋಗ್ತೀನಿ!"

"ಅಂಪೈರೇ, ಕೇಳಿಸ್ತಾ?"

"ಕೇಳಿಸ್ತು, ಕೇಳಿಸ್ತು, ನಿಲ್ಸಮ್ಮ!"

ಟೈಲರಮ್ಮ ಬಸ್ಸಿನೊಳಗೆ ತಿರುಗಿ, ಉಸಿರೆಳೆದುಕೊಂಡು, ತನಗೇ ಗೊತ್ತಿರದಷ್ಟು ದೊಡ್ಡ ದನಿಯಲ್ಲಿ ಕೂಗಿದಳು: "ಹೋಲ್ಡಾನ್!"

ಬಸ್ಸು ಗಕ್ಕನೆ ನಿಂತಿತು. ಕಂಡಕ್ಟರು ಮುಂದಿನ ಬಾಗಿಲಿಂದ ಹತ್ತಿದರು. ಏದುಸಿರು, ಕೆಂಪು ಮುಖ, ಮೈಯೆಲ್ಲ ಬೆವರು. ಅವಳು ಬೈಗುಳಕ್ಕೆ ತಯಾರಾಗಿಯೇ ಕೂತಳು. ಆದರೆ ಅವರು ಅವಳ ಕಡೆ ನೋಡಲೂ ಇಲ್ಲ. ಸೋತಾಗಿತ್ತು, ಇನ್ನು ಬಾಯಿಗೆ ತಡೆಯಿರಲಿಲ್ಲ. ಕೂರುವ ಬದಲು ನಡುದಾರಿಯಲ್ಲಿ ಕಾಲಗಲಿಸಿ ನಿಂತು ಶುರು ಮಾಡಿದರು.

"ಆ ಚೀಲ ಯಾರದ್ದು? ದಾರಿಯಿಂದ ತೆಗೀರಿ. ಅಮ್ಮಾ, ಕೈ ಒಳಗೆ ಹಾಕ್ಕೊಳಿ. ಸಾರ್, ನೀವು ಹಿಂದೆ ಹೋಗಿ, ಹಿಂದೆ ಜಾಗ ಇದೆ. ಏ ಡ್ರೈವರ್, ಎರಡೂ ಕನ್ನಡಿ ನೋಡ್ಬೇಕಪ್ಪ, ಒಂದು ಇಟ್ಟಿರೋದು ತಲೆ ಬಾಚೋಕಲ್ಲ!"

"ಯಜಮಾನ್ರೇ, ನಾಳೆಯಿಂದ ನಮ್ಮಲ್ಲೇ ಬಂದ್ಬಿಡಿ," ಎಂದ ಡ್ರೈವರು.

"ಆಗಲ್ಲಪ್ಪ," ಹಿಂದಿನಿಂದ ಟೈಲರಮ್ಮ ಕೂಗಿದಳು. "ಅವರಿಗೆ ಊರಲ್ಲಿ ಕೆಲಸ ಆಗಿದೆ."

ಮಗಳು ತಾಯಿಯನ್ನೇ ನೋಡುತ್ತಿದ್ದಳು. "ಅಮ್ಮ, ನೀನು ಮೊದಲೇ ಕೂಗಿ ಬಸ್ ನಿಲ್ಲಿಸಬಹುದಿತ್ತು. ಮೀನು ಕಂಡಾಗಲೇ."

"ಕೂಗಬಹುದಿತ್ತು," ಎಂದಳು ಟೈಲರಮ್ಮ. "ಆದರೆ ನಾನು ಬಂದಿರೋದು ರೆಸ್ಟ್ ತಗೊಳೋಕೆ."

ಅವಳು ಕಾಲು ಚಾಚಿ, ಸೀಟಿಗೆ ಒರಗಿ, ಕಣ್ಣು ಮುಚ್ಚಿದಳು. ಆ ಇಡೀ ದಿನದಲ್ಲಿ ಅವಳು ಹಾಯಾಗಿ ಕೂತದ್ದು ಅದೇ ಮೊದಲು.