ಕುಲುಕಬಾರದ ಶೀಸೆ

ಅಕ್ಕನ ಕ್ಯಾನ್ಸರ್ ಗಡ್ಡೆಯ ಸುತ್ತ ಮೈಮರೆತು ಮಲಗಿದ್ದ ರಕ್ಷಣಾ ಕೋಶಗಳನ್ನು ಹುಡುಕಿಹೋಗಿ ಎಬ್ಬಿಸುವ ಅತಿಸೂಕ್ಷ್ಮ ಕಣಗಳ ಮದ್ದನ್ನು ತಯಾರಿಸಿದ ತಂಡದಲ್ಲಿ ತಮ್ಮನೂ ಒಬ್ಬನಾಗಿದ್ದ. ಮೊದಲ ಚುಚ್ಚುಮದ್ದಿನ ದಿನ ಆಸ್ಪತ್ರೆಗೆ ಬಂದವನು, ತನಗಿಂತ ಬಲ್ಲವರಿಲ್ಲವೆಂಬ ಗತ್ತಿನಲ್ಲಿ ನರ್ಸಮ್ಮನ ತಟ್ಟೆಯಿಂದ ಶೀಸೆಯನ್ನು ಎತ್ತಿಕೊಂಡ.

"ಇದು ಅಲ್ಲಿ ಇಲ್ಲಿ ಅಂಡಲೆಯೋದಿಲ್ಲ ಅಕ್ಕ. ನೇರ ಆ ಕೋಶದ ಬಾಗಿಲಿಗೇ ಹೋಗುತ್ತೆ."

"ನಿನ್ನ ಹಾಗಲ್ಲ ಅನ್ನು," ಎಂದಳು ಅಕ್ಕ. ಐದು ಊರು, ಏಳು ಕೆಲಸ ಬದಲಿಸಿದವನಿಗೆ ಮಾತು ನಾಟಿತು. ಆದರೆ ಅವಳು ಕೈಯನ್ನು ಸೆರಗಿನೊಳಗೆ ಎಳೆದುಕೊಂಡಿದ್ದಳು. ಧೈರ್ಯ ಹೇಳುವ ಭರದಲ್ಲಿ ಅವನು, ಬಾಲ್ಯದಲ್ಲಿ ಕೆಮ್ಮಿನ ಔಷಧಿಯನ್ನು ಕುಲುಕುತ್ತಿದ್ದಂತೆಯೇ, ಶೀಸೆಯನ್ನು ಚೆನ್ನಾಗಿ ಕುಲುಕಿದ.

ನರ್ಸಮ್ಮ ಅದರ ಮೇಲಿನ ಚೀಟಿಯನ್ನು ಓದಿದರು. "'ಕುಲುಕಬೇಡಿ, ಕಣಗಳು ಗಂಟುಕಟ್ಟಿ ಮದ್ದು ಕೆಡುತ್ತದೆ.' ಇದನ್ನ ಬರೆದೋರು ಯಾರು ಸಾರ್?"

"ನಾನೇ."

ಲೋಕಕ್ಕೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಿಗೆ ಬಿದ್ದಿತ್ತು. ಪುಣ್ಯಕ್ಕೆ ತಂಪುಪೆಟ್ಟಿಗೆಯಲ್ಲಿ ಇನ್ನೊಂದು ಶೀಸೆಯಿತ್ತು; ಅದೊಂದೇ ಇತ್ತು. ಅಕ್ಕ ನಕ್ಕು ನಕ್ಕು ಸುಸ್ತಾಗಿ, ಕೈಯನ್ನು ತಾನೇ ನರ್ಸಮ್ಮನತ್ತ ಚಾಚಿದಳು.

"ಮದ್ದು ದಾರಿ ಹುಡುಕ್ಕೊಳ್ಳುತ್ತೆ. ನೀನು ಬಾಗಿಲು ಹುಡುಕ್ಕೋ ತಮ್ಮಾ."

ಅವನು ಹೊರಗೆ ಹೋಗಿ, ಎರಡೂ ಕೈಗಳನ್ನು ಜೇಬಿನಲ್ಲಿ ಬಿಗಿಯಾಗಿ ಇಟ್ಟುಕೊಂಡು ನಿಂತ.