ಪಿರಿಹಿರಾಳ ಬಿತ್ತನೆ ಗೆಣಸು

ಎರಾನಾ ಪೆಟ್ಟಿಗೆಯ ಮೇಲಿದ್ದ ಒಣ ಜರಿಸೊಪ್ಪನ್ನು ಕಿತ್ತೆಸೆದಳು. ಒಳಗೆ ಗೆಣಸು! ಕೆಂಪು ಸಿಪ್ಪೆಯ, ಒಂದು ಗೀರೂ ಇಲ್ಲದ ಗೆಣಸು. ಸದ್ಯ, ಮಾನ ಉಳಿಯಿತು ಎಂದುಕೊಂಡು ಪೆಟ್ಟಿಗೆಯನ್ನೇ ಸೊಂಟಕ್ಕೇರಿಸಿ ಸಭಾಮನೆಯ ಅಡುಗೆಕೋಣೆಗೆ ಓಡಿದಳು.

ಅತ್ತೆ ಪಿರಿಹಿರಾಳನ್ನು ಮಣ್ಣು ಮಾಡಲು ಎಲ್ಲರೂ ಗುಡ್ಡಕ್ಕೆ ಹೋಗಿದ್ದರು. ಅಷ್ಟರಲ್ಲಿ ದಕ್ಷಿಣದ ನೆಂಟರು ಹೇಳದೆ ಕೇಳದೆ ಒಂದು ಬಸ್ಸು ತುಂಬ ಬಂದಿಳಿದಿದ್ದರು. ನೆಲದೊಲೆಯಲ್ಲಿ ಹುಗಿದಿಟ್ಟ ಮಾಂಸವೇನೋ ಸಾಕಿತ್ತು, ಗೆಣಸು ಸಾಲದು. ಸಾವಿನ ಊಟದಲ್ಲಿ ಗೆಣಸು ಕಡಿಮೆಬಿದ್ದರೆ ಈ ಹೊಕಿಯಾಂಗಾ ಸೀಮೆಯ ಜನ ಮೊಮ್ಮಕ್ಕಳ ಕಾಲದವರೆಗೂ ಆಡಿಕೊಳ್ಳುತ್ತಾರೆ.

"ಅಬ್ಬಬ್ಬಾ! ಇವನ್ನೆಲ್ಲಿ ಬಚ್ಚಿಟ್ಟಿದ್ದೆ ಮಾರಾಯ್ತಿ?" ಎಂದಳು ನೆರೆಮನೆಯ ಟೆಪೋರಾ.

"ನಾನಲ್ಲ, ನಮ್ಮತ್ತೆ. ಶೆಡ್ಡಿನ ಮೂಲೇಲಿ."

"ಜಿಪುಣಿ ಮುದುಕಿ! ಸತ್ತಮೇಲಾದ್ರೂ ಬಿಟ್ಟುಕೊಟ್ಲಲ್ಲ. ತಾ, ತಾ, ನೀರು ಕುದೀತಿದೆ."

ಇಬ್ಬರೂ ನಗುತ್ತಲೇ ಹೆಚ್ಚಿದರು.

*

ಬಸ್ಸಿನವರು ತಟ್ಟೆ ಒರೆಸಿದಂತೆ ತಿಂದರು. ಎರಾನಾ ಬಡಿಸುತ್ತ ಬಡಿಸುತ್ತ ಅತ್ತೆಯ ತಮ್ಮ ಪರಾತೆನೆಯ ಹತ್ತಿರ ಬಂದಳು. ಮುದುಕ ಒಂದು ತುಂಡು ಬಾಯಿಗಿಟ್ಟವನು ಅಗಿಯುವುದನ್ನೇ ನಿಲ್ಲಿಸಿದ.

"ಇದೆಲ್ಲಿದು?"

"ಶೆಡ್ಡಿಂದು, ಮಾವ. ಜರಿಸೊಪ್ಪು ಮುಚ್ಚಿತ್ತು."

"ಎಲ್ಲಾನೂ ಬೇಯಿಸಿಬಿಟ್ಯಾ?"

"ಹೂಂ. ಯಾಕೆ?"

ಅವನು ದನಿ ತಗ್ಗಿಸಿದ. "ಅದು ಬಿತ್ತನೇದು ಕಣಮ್ಮ. ನಮ್ಮ ಅಜ್ಜಿ ಕಾಲದ ತಳಿ. ಈಗ ಬೇರೆ ಯಾರ ಹತ್ರಾನೂ ಇಲ್ಲ. ಅಕ್ಕ ಸಸಿಮಡಿಗೆ ಮರಳು ಹಾಕಿ ಇಟ್ಟಿದ್ಲು, ಈ ವಾರ ಹುಗೀಬೇಕಿತ್ತು."

ಎರಾನಾಳ ಕೈಯಲ್ಲಿದ್ದ ಸೌಟು ಪಾತ್ರೆಗೆ ಬಿತ್ತು.

"ಯಾರಿಗೂ ಹೇಳಬೇಡ. ನೆಂಟರ ಊಟ ಕೆಡೋದು ಬೇಡ," ಎಂದವನೇ ಪರಾತೆನೆ ಎಲ್ಲರಿಗೂ ಕೇಳುವಂತೆ ಕೂಗಿದ: "ಇನ್ನೆರಡು ತುಂಡು ಹಾಕು! ಏನು ರುಚಿ!"

*

ಹೋದ ಶರತ್ಕಾಲದಲ್ಲಿ ಅತ್ತೆ ಶೆಡ್ಡಿನಿಂದ ಕರೆದಿದ್ದಳು. "ಏ ಪೇಟೆ ಸೊಸೆ, ಬಾ ಇಲ್ಲಿ. ಬಿತ್ತನೇದು ಆರಿಸೋದು ಕಲಿ. ನಾನೇನು ಕಲ್ಲುಗುಂಡಾ, ಯಾವಾಗ್ಲೂ ಇರೋಕೆ?"

"ಗೆಣಸಿಗೇನತ್ತೆ, ಅಂಗಡೀಲಿ ರಾಶಿ ಬಿದ್ದಿರುತ್ತೆ," ಎಂದು ಎರಾನಾ ಫೋನಿನಿಂದ ಕಣ್ಣೆತ್ತಿರಲಿಲ್ಲ.

ಪಿರಿಹಿರಾ ಎರಡನೇ ಸಲ ಕರೆಯಲಿಲ್ಲ. ಸೊಂಟ ಹಿಡಿದುಕೊಂಡು ಒಬ್ಬಳೇ ಮಣ್ಣೊರೆಸಿ, ಗಾಯವಿದ್ದದ್ದನ್ನು ಅಡುಗೆಗೆ ತೆಗೆದು, ಒಳ್ಳೆಯದನ್ನು ಪೆಟ್ಟಿಗೆಗೆ ತುಂಬಿದಳು. ಯಾವ ಪೆಟ್ಟಿಗೆ ಎಂದು ಕೂಡ ಎರಾನಾ ನೋಡಲಿಲ್ಲ. ಆ ಮನೆಯಲ್ಲಿ ಅವಳು ತಿಂದದ್ದೆಲ್ಲ ಗಾಯದ ಗೆಣಸೇ. ಅತ್ತೆಯೂ ಅದನ್ನೇ ತಿಂದಿದ್ದಳು.

*

ಊಟ ಮುಗಿಯಿತು. ಪದ್ಧತಿಯಂತೆ ಅಡುಗೆಯವರನ್ನು ಕರೆದು ಅವರಿಗೊಂದು ಹಾಡು ಹಾಡಬೇಕು. "ಅಡುಗೆಯೋರು ಬನ್ನಿ! ಇಂಥ ಗೆಣಸು ಜನ್ಮದಲ್ಲಿ ತಿಂದಿಲ್ಲ!" ಎಂದು ಒಳಗೆ ಗದ್ದಲ.

ಎರಾನಾಳಿಗೆ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು. "ಟೆಪೋರಾ, ಒಂದಾದ್ರೂ ಹಸೀದು ಉಳಿದಿದ್ಯಾ?"

"ಎಲ್ಲಿಂದ? ಕೊಯ್ದ ತುದಿಗಳನ್ನೂ ಈಗಷ್ಟೆ ಹಂದಿಗೆ ಸುರಿದು ಬಂದೆ."

ತುದಿ! ಮೊಳಕೆ ಒಡೆಯುವುದೇ ಅಲ್ಲಿ, ಅಷ್ಟು ಅವಳಿಗೂ ಗೊತ್ತಿತ್ತು. ಓಡಿದಳು.

ಕಾಯುವಷ್ಟು ಕಾದು ನೆಂಟರು ಹಾಡುತ್ತಲೇ ಹಿತ್ತಲಿಗೆ ಬಂದರು. ಅಡುಗೆಯವಳು ಸಾವಿನ ಕಪ್ಪುಬಟ್ಟೆಯಲ್ಲಿ ಹಂದಿದೊಡ್ಡಿಯ ಕೆಸರಲ್ಲಿ ಮಂಡಿಯೂರಿ, ಮೇವಿನ ಬಾನಿಯೊಳಗೆ ಕೈಯಾಡಿಸುತ್ತಿದ್ದಳು. ಹಾಡು ಅರ್ಧಕ್ಕೇ ನಿಂತಿತು.

"ನೀವು ತಿಂದಿದ್ದು ಅತ್ತೆಯ ಬಿತ್ತನೆ ಗೆಣಸು," ಎಂದಳು ಎರಾನಾ, ತಲೆ ಎತ್ತದೆ. "ಗೊತ್ತಿಲ್ಲದೆ ನಾನೇ ಬೇಯಿಸಿ ಬಡಿಸಿದೆ. ಅವಳು ಕರೆದಾಗ ನಾನು ಹೋಗಲಿಲ್ಲ."

ಬಾನಿ ಬರಿದಾಗಿತ್ತು. ಹೆಣ್ಣುಹಂದಿಯ ದವಡೆಯಲ್ಲಿ ಮಾತ್ರ ಕೆಂಪಗೆ ಏನೋ ಕಾಣುತ್ತಿತ್ತು.

ಪರಾತೆನೆ ಕೋಟು ಕಳಚಿ ಬೇಲಿಗೆ ಹಾಕಿ, ಹೊಸ ಬೂಟುಗಾಲಲ್ಲೇ ಕೆಸರಿಗಿಳಿದ.

"ಕಿವಿ ಗಟ್ಟಿಯಾಗಿ ಹಿಡ್ಕೋ, ಹುಡುಗಿ. ಬಾಯಿ ನಾನು ಬಿಡಿಸ್ತೀನಿ."

ಎರಾನಾ ಹಂದಿಯ ಎರಡೂ ಕಿವಿ ಹಿಡಿದುಕೊಂಡು, ಜನರಿಗೆ ಕಾಣದಂತೆ ತನ್ನ ಮುಖವನ್ನು ಅದರ ಕುತ್ತಿಗೆಗೆ ಒತ್ತಿದಳು.