ಯೀಸ್ಟಿಗೆ ತಂದ ಐಸು

ತಂಗಿ ಕುರ್ಚಿ ಹತ್ತಿ ಗೋಡೆಯ ಮೇಲಿದ್ದ ದೊಡ್ಡ ಫೋಟೊವನ್ನು ಕಿತ್ತಳು. ಮೊಳೆಯ ಜೊತೆ ಒಂದು ಹಿಡಿ ಗಾರೆಯೂ ಉದುರಿತು.

"ಇದನ್ನ ಯಾರು ಹಾಕಿದ್ದು ಇಲ್ಲಿ?"

"ಕಾರ್ಖಾನೆಯೋರು ಬೆಳಿಗ್ಗೆ ತಂದ್ರಮ್ಮ. ಇರಲಿ ಬಿಡು, ಚೆನ್ನಾಗೇ ಬಂದಿದೆ," ಎಂದರು ಭಾವ. ಅವರು ಅಕ್ಕನ ಶವದ ಪೆಟ್ಟಿಗೆಯ ಪಕ್ಕದಲ್ಲಿ ಮೊಣಕಾಲಿನ ಮೇಲೆ ಕೈಯಿಟ್ಟುಕೊಂಡು, ಯಾರದೋ ಮನೆಗೆ ಬಂದವರ ಹಾಗೆ ಕೂತಿದ್ದರು.

"ಚೆನ್ನಾಗಿ ಬಂದಿದೆಯಾ? ಅಕ್ಕ ಹೀಗೆ ಹಲ್ಲು ಬಿಟ್ಟು ನಕ್ಕಿದ್ದನ್ನ ನೀವು ಯಾವತ್ತಾದ್ರೂ ನೋಡಿದೀರಾ, ಭಾವ?"

ಭಾವ ನೆಲಕ್ಕೆ ಬಿದ್ದ ಗಾರೆಯನ್ನು ಅಂಗೈಯಿಂದ ಒಂದು ಕಡೆ ಗುಡಿಸಿದರು.

ಅದು ಕಾರ್ಖಾನೆಯ ಜಾಹೀರಾತಿನಿಂದ ಕತ್ತರಿಸಿ ಹಿಗ್ಗಿಸಿದ ಫೋಟೊ. ಅಕ್ಕ ಎರಡೂ ಕೈಯಲ್ಲಿ ಬೂಷ್ಟು ಹಿಡಿದ ಹುಲ್ಲನ್ನು ಮಗುವಿನಂತೆ ಎತ್ತಿ ಹಿಡಿದಿದ್ದಳು. ಫೋಟೊಗೆಂದು ಮೂಗಿಗೆ ಕಟ್ಟಿದ ಬಟ್ಟೆ ತೆಗೆಸಿದ್ದರು. ಕೆಳಗೆ 'ಹೊಲದ ಕಸದಿಂದ ಗಾಡಿಯ ಇಂಧನ' ಎಂಬ ಅಕ್ಷರಗಳ ತಲೆ ಮಾತ್ರ ಉಳಿದಿತ್ತು. ತಂಗಿ ಅದನ್ನು ಬಾಗಿಲ ಹಿಂದೆ ಮುಖ ಗೋಡೆಯ ಕಡೆಗೆ ಮಾಡಿ ನಿಲ್ಲಿಸಿದಳು.

ಕಾರ್ಖಾನೆಯ ಜನ ಒಬ್ಬೊಬ್ಬರಾಗಿ ಒಳಗೆ ಬಂದರು. ಬಾಯ್ಲರ್ ನೋಡಿಕೊಳ್ಳುವ ಮುದುಕ ಪೆಟ್ಟಿಗೆಯೊಳಗೆ ಬಗ್ಗಿ ನೋಡಿ, "ನಮ್ಮ ಮೆಣಸಕ್ಕನ ಬಾಯಿ ಇಷ್ಟು ಹೊತ್ತು ಮುಚ್ಚಿದ್ದು ಇದೇ ಮೊದಲು ನೋಡು," ಎಂದ. ನಗಲು ಹೋಗಿ ಅವನಿಗೆ ಅಳು ಬಂತು. ಅಕ್ಕನ ಜೊತೆ ಹುಲ್ಲಿನ ಕೋಣೆಯಲ್ಲಿ ದುಡಿಯುತ್ತಿದ್ದ ಕುಳ್ಳಿ ಅವನ ಹೆಗಲ ಮೇಲೆ ಕೈಯಿಟ್ಟಳು. ಕೈ ಇಟ್ಟವಳಿಗೇ ಕೆಮ್ಮು ಹತ್ತಿತು.

ಅಕ್ಕನದೂ ಇದೇ ಕೆಮ್ಮಾಗಿತ್ತು. ಅದನ್ನು ಕೇಳಿ ತಂಗಿಯ ಮೈ ಉರಿಯಿತು.

*

ಹೊಲಗಳಲ್ಲಿ ಕೊಯ್ಲು ಮುಗಿದ ಮೇಲೆ ಉಳಿಯುವ ಜೋಳದ ದಂಟು, ಗೋಧಿ ಹುಲ್ಲು ಲಾರಿ ತುಂಬ ಕಾರ್ಖಾನೆಗೆ ಬರುತ್ತಿತ್ತು. ಅಂಥದೊಂದು ಲಾರಿ ಓಡಿಸುತ್ತಿದ್ದವರು ಭಾವ. ಅದನ್ನೆಲ್ಲ ಕತ್ತರಿಸಿ, ಹಬೆಯಲ್ಲಿ ಬೇಯಿಸಿ, ಅಕ್ಕನ ಕೋಣೆಯಲ್ಲಿ ಹಾಸಿಗೆಯ ಹಾಗೆ ಹರಡುತ್ತಿದ್ದರು. ಮೇಲೆ ಬೂಷ್ಟಿನ ಬಿತ್ತನೆ ಚೆಲ್ಲಿದರೆ ಹುಲ್ಲು ಮೊದಲು ಬೆಳ್ಳಗಾಗಿ, ಆಮೇಲೆ ಹಸಿರಾಗುತ್ತಿತ್ತು. ಬೂಷ್ಟು ದಂಟಿನ ನಾರನ್ನು ತಿಂದು ಸಕ್ಕರೆ ಬಿಡಿಸಿ ಕೊಡುತ್ತದೆ. ಆ ಸಿಹಿ ನೀರು ಪಕ್ಕದ ತೊಟ್ಟಿಗಳಿಗೆ ಹೋದರೆ ಅಲ್ಲಿ ಯೀಸ್ಟ್ ಅದನ್ನು ಎಥನಾಲ್ ಮಾಡುತ್ತದೆ. ಇಷ್ಟೇ ಕೆಲಸ. ಆದರೆ ಬೂಷ್ಟು ತನ್ನ ಕಾವಿಗೆ ತಾನೇ ಬೆಂದುಹೋಗದಂತೆ ಹುಲ್ಲನ್ನು ಕವೆಗೋಲಿನಿಂದ ತಿರುವಿ ಹಾಕುತ್ತಲೇ ಇರಬೇಕು. ತಿರುವಿದಾಗಲೆಲ್ಲ ಹಸಿರು ಪುಡಿ ಏಳುತ್ತಿತ್ತು.

ತಂಗಿಯದು ಹೆಂಗಸರ ಕೂದಲು ಕತ್ತರಿಸುವ ಅಂಗಡಿ. ರಜದ ದಿನ ಅಕ್ಕ ಬಂದು ತೊಳೆಯುವ ಬೋಗುಣಿಗೆ ತಲೆ ಆನಿಸಿ ಮಲಗುತ್ತಿದ್ದಳು. ಮೊದಲ ಸಲ ನೀರು ಹಾಕಿದಾಗ ಬೋಗುಣಿಯಲ್ಲಿ ಪಾಚಿ ಕಲಕಿದ ಹಾಗಾಗುತ್ತಿತ್ತು.

"ತಲೇಲಿ ಇಷ್ಟಿದ್ರೆ ಎದೇಲಿ ಎಷ್ಟಿರಬೇಕು?" ಎಂದು ಅಕ್ಕ ಮಲಗಿದಲ್ಲಿಂದಲೇ ಕೂಗುತ್ತಿದ್ದಳು. "ಹೇಳಿದೆ ಕಣೇ ಅವರಿಗೆ. ಗಾಳಿ ಹೊರಗೆ ಎಳೆಯೋ ಫ್ಯಾನ್ ಹಾಕಿ ಅಂದೆ. ಫ್ಯಾನ್ ಹಾಕಿದ್ರೆ ಬೂಷ್ಟು ಒಣಗುತ್ತಂತೆ. ಹಾಗಾದ್ರೆ ನಾವು?"

"ಬೇರೆ ಕೆಲಸ ನೋಡ್ಕೊ ಅಕ್ಕ."

"ಯಾಕೆ? ನಾನ್ಯಾಕೆ ಹೋಗಬೇಕು? ಪುಡಿ ಹೋಗಲಿ!"

ಅಂಗಡಿಗೆ ಬಂದ ಬೇರೆ ಹೆಂಗಸರು ಪತ್ರಿಕೆ ಕೆಳಗಿಟ್ಟು ಇವಳನ್ನೇ ನೋಡುತ್ತಿದ್ದರು. ಅಕ್ಕನಿಗೆ ಕೇಳುವವರಿದ್ದರೆ ಇನ್ನೂ ಹುರುಪು. ಮನೆಯಲ್ಲೂ ಅದೇ ಬಾಯಿ. ಸಾರಿಗೆ ಉಪ್ಪು ಕಡಿಮೆಯಾದರೆ ಸಿಡುಕು, ಭಾವ ಚಪ್ಪಲಿ ಅಡ್ಡಾದಿಡ್ಡಿ ಬಿಟ್ಟರೆ ಸಿಡುಕು. ಅವಳ ಜೊತೆ ಬಾಳುವುದು ಸುಲಭವಾಗಿರಲಿಲ್ಲ. ತಂಗಿಯೇ ಎಷ್ಟೋ ಸಲ ಅವಳ ತಲೆ ತೊಳೆದು ಕಳಿಸಿ, ಅಬ್ಬಾ ಎಂದು ಕೂತದ್ದುಂಟು.

*

ಮಣ್ಣು ಮಾಡುವ ಜಾಗದಲ್ಲಿ ಬಿಸಿಲಿತ್ತು. ಗುಂಡಿಯ ತಲೆಯ ಕಡೆ ಮ್ಯಾನೇಜರ್ ನಿಂತಿದ್ದ. ಬಿಳಿ ಅಂಗಿ, ಕೈಯಲ್ಲಿ ಫೋನು. ಪೆಟ್ಟಿಗೆ ಇಳಿಸುವ ಮೊದಲು ಎರಡು ಮಾತಾಡುತ್ತೇನೆ ಎಂದು ಭಾವನನ್ನು ಕೇಳಿದ್ದ. ಭಾವ ಯಾರಿಗೂ ಯಾವುದಕ್ಕೂ ಇಲ್ಲ ಎಂದವರಲ್ಲ.

"ಇವರಂಥ ತಾಳ್ಮೆಯ ಹೆಣ್ಣುಮಗಳನ್ನು ನಾನು ನೋಡಿಲ್ಲ," ಎಂದು ಮ್ಯಾನೇಜರ್ ಶುರು ಮಾಡಿದ. "ಯಾವತ್ತೂ ನಗುಮುಖ. ಇಷ್ಟು ವರ್ಷದಲ್ಲಿ ಒಂದು ದಿನವೂ ಒಂದು ದೂರು ಹೇಳಿದವರಲ್ಲ..."

ಬಾಯ್ಲರ್ ಮುದುಕನ ಗಂಟಲಲ್ಲಿ ಏನೋ ಪುಸಕ್ಕೆಂದಿತು. ಅವನ ಪಕ್ಕದವನೂ ನಕ್ಕ. ನಗು ಸಾಲಿನುದ್ದಕ್ಕೂ ಹೋಯಿತು, ಆದರೆ ಯಾರ ಮುಖದಲ್ಲೂ ಸಂತೋಷವಿರಲಿಲ್ಲ.

"ಯಾರ ಬಗ್ಗೆ ಹೇಳ್ತಾ ಇದೀರಿ ನೀವು?" ಎಂದಳು ತಂಗಿ.

"ಅಮ್ಮಾ, ನಿಮ್ಮ ದುಃಖ ನನಗೆ ಅರ್ಥ ಆಗುತ್ತೆ..."

"ದುಃಖ ಆಮೇಲೆ ಪಡ್ತೀನಿ. ದೂರು ಹೇಳಲಿಲ್ವಾ ನಮ್ಮಕ್ಕ? ಐಸಿನ ದಿನ ನೀವು ಎಲ್ಲಿದ್ರಿ? ಅಲ್ಲೇ ಇದ್ರಲ್ಲ!"

*

ಆ ಬೇಸಿಗೆಯಲ್ಲಿ ಯೀಸ್ಟ್ ತೊಟ್ಟಿಗಳನ್ನು ತಂಪಾಗಿಡುವ ಯಂತ್ರ ಕೆಟ್ಟಿತು. ಕಾವು ಏರಿದರೆ ಯೀಸ್ಟ್ ಸಾಯುತ್ತದೆ. ಕಾರ್ಖಾನೆಗೆ ಕಾರ್ಖಾನೆಯೇ ಓಡಾಡಿತು. ಮ್ಯಾನೇಜರ್ ಚಪ್ಪಲಿ ಕಳಚಿಕೊಂಡದ್ದೂ ತಿಳಿಯದೆ ಅಂಗಳದಲ್ಲಿ ಓಡಿದ. ಊರಿನ ಮೀನು ಮಾರುಕಟ್ಟೆಯಿಂದ ಲಾರಿ ತುಂಬ ಐಸು ತರಿಸಿ, ಗಟ್ಟಿಗಳನ್ನು ತೊಟ್ಟಿಗಳ ಸುತ್ತ ಒಟ್ಟಿದರು.

ಹಿಂದಿನ ವಾರವಷ್ಟೇ ಅಕ್ಕ ಹುಲ್ಲಿನ ಮೇಲೆ ಉಸಿರು ಕಟ್ಟಿ ಬಿದ್ದಿದ್ದಳು. ಅವಳನ್ನು ಹೊರಗೆ ಎಳೆದು ಹಾಕಿದ್ದು ಕುಳ್ಳಿ. ಬೇರೆ ಯಾರೂ ಬಂದಿರಲಿಲ್ಲ.

ಅಕ್ಕ ಕವೆಗೋಲು ಎಸೆದು ಹೊರಗೆ ಬಂದಳು. ಒಂದು ಐಸುಗಟ್ಟಿಯನ್ನು ಗೋಣಿಚೀಲದಲ್ಲಿ ಸುತ್ತಿ, ಎದೆಗೆ ಅಪ್ಪಿಕೊಂಡು, ಎಲ್ಲರ ಕಣ್ಣೆದುರೇ ಅಂಗಳ ದಾಟಿ ಹುಲ್ಲಿನ ಕೋಣೆಯ ನಡುವೆ ಧೊಪ್ಪೆಂದು ಇಳಿಸಿದಳು. "ಬನ್ರೇ," ಎಂದು ಕರೆದು, ಅದರ ಸುತ್ತ ಎಲ್ಲರನ್ನೂ ಕೂರಿಸಿ, ತಾನೂ ಕೂತು ಅದರ ಮೇಲೆ ಕಾಲಿಟ್ಟಳು.

ಮ್ಯಾನೇಜರ್ ಬರಿಗಾಲಲ್ಲೇ ಬಂದ. "ಏನ್ರೀ ಇದು? ಅದು ಯೀಸ್ಟಿಗೆ ತಂದಿದ್ದು!"

"ಹಾಗಾದ್ರೆ ನಮ್ಮನ್ನೂ ಯೀಸ್ಟ್ ಅಂದ್ಕೊಳ್ಳಿ," ಎಂದಳು ಅಕ್ಕ. "ಯೀಸ್ಟಾಗಿ ಹುಟ್ಟಿದ್ರೆ ನಾವು ಸಾಯೋಕೆ ಮೊದಲೇ ನೀವು ಓಡಿ ಬರ್ತಿದ್ರಿ."

ಐಸು ಕರಗಿ ನೀರಾಗುವವರೆಗೂ ಅವರು ಏಳಲಿಲ್ಲ. ಫ್ಯಾನ್ ಹಾಕಿಸುತ್ತೇನೆ ಎಂದು ಮ್ಯಾನೇಜರ್ ಹೇಳಿದ ಮೇಲೆಯೇ ಎದ್ದರು. ಫ್ಯಾನೂ ಬಂತು. ಹೊರಗಿನವರು ಕಾರ್ಖಾನೆ ನೋಡಲು ಬಂದ ದಿನ ತಿರುಗುತ್ತಿತ್ತು, ಅವರು ಗೇಟು ದಾಟುತ್ತಲೇ ನಿಲ್ಲುತ್ತಿತ್ತು. ಅಕ್ಕ ಆ ಸ್ವಿಚ್ ಒತ್ತಿ ಒತ್ತಿ ಬೈಸಿಕೊಂಡಳು. ಕೊನೆಗೆ ಸ್ವಿಚ್ಚಿಗೆ ಬೀಗದ ಡಬ್ಬಿ ಹಾಕಿದರು. ಕಡೆಯ ಚಳಿಗಾಲದಲ್ಲಿ ಅವಳಿಗೆ ಕಚೇರಿಯ ಮೆಟ್ಟಿಲು ಹತ್ತಲು ಆಗುತ್ತಿರಲಿಲ್ಲ, ಆದರೂ ಕೆಳಗಿನ ಮೆಟ್ಟಿಲಲ್ಲಿ ಕೂತೇ ಬೈಯುತ್ತಿದ್ದಳು. ಒಂದು ಬೈಗುಳ, ಒಂದು ಉಸಿರು.

*

ಗುಂಡಿಯ ಪಕ್ಕದಲ್ಲಿ ಮ್ಯಾನೇಜರ್ ಹಣೆ ಒರೆಸಿಕೊಂಡ. ಅವನ ಫೋನು ಗುರುಗುಟ್ಟಿತು. ನೋಡಿಕೊಂಡು, ಕುಳ್ಳಿಯ ಕಡೆ ಬಗ್ಗಿ ಮೆಲ್ಲಗೆ ಹೇಳಿದ. ಆದರೆ ಸುತ್ತಲಿನ ಎಲ್ಲರಿಗೂ ಕೇಳಿಸಿತು.

"ಮಣ್ಣು ಹಾಕಿದ ತಕ್ಷಣ ಹೊರಡಿ. ಬೆಳಿಗ್ಗೆಯಿಂದ ಹುಲ್ಲು ತಿರುವಿಲ್ಲ. ಬೂಷ್ಟು ಸತ್ತುಹೋಗುತ್ತೆ."

ತಂಗಿ ಮುಂದೆ ನುಗ್ಗಿದಳು. ಅವಳಿಗಿಂತ ಮೊದಲು ಭಾವ ಅಡ್ಡ ಬಂದರು. ತನ್ನನ್ನೇ ತಡೆಯಲು ಬಂದರೆಂದು ಅವಳು ಅವರ ತೋಳು ಕೊಡವಿದಳು. ಆದರೆ ಅವರು ತಿರುಗಿದ್ದು ಮ್ಯಾನೇಜರ್ ಕಡೆ.

"ಏನಂದ್ರಿ?" ಎಂದರು ಭಾವ.

"ಅಲ್ಲ, ಕೆಲಸದ ವಿಷಯ..."

"ಏನು ಸತ್ತುಹೋಗುತ್ತೆ ಅಂದ್ರಿ?"

ಅವರ ದನಿ ಏರಲಿಲ್ಲ. ಏರಿಸಿ ಅಭ್ಯಾಸವೇ ಇಲ್ಲದ ದನಿ ನಡುವೆ ಒಡೆಯಿತು, ಅಷ್ಟೇ. ಪಕ್ಕದ ಮಣ್ಣಿನ ಗುಡ್ಡೆಯಿಂದ ಒಂದು ಹಿಡಿ ತೆಗೆದು ಮ್ಯಾನೇಜರನ ಬಿಳಿ ಅಂಗಿಯ ಎದೆಗೆ ಒತ್ತಿದರು. ಮೆಲ್ಲಗೆ, ಗೋಡೆಗೆ ಗಾರೆ ಮೆತ್ತುವವರ ಹಾಗೆ.

"ನೀವು ಹೋಗಿ," ಎಂದರು. "ನಿಮ್ಮ ಮಣ್ಣು ನಮ್ಮವಳ ಮೇಲೆ ಬೇಡ."

ಮ್ಯಾನೇಜರ್ ಹೋದ. ಪೆಟ್ಟಿಗೆ ಇಳಿಯಿತು. ತಂಗಿ ಆಗ ಅತ್ತಳು, ಬೈಯುತ್ತಲೇ ಅತ್ತಳು. ಅಕ್ಕನನ್ನೂ ಬೈದಳು.

ಮಣ್ಣು ಮುಚ್ಚಿದ ಮೇಲೆ ಯಾರೂ ಮನೆಯ ಕಡೆ ತಿರುಗಲಿಲ್ಲ. ಯಾರು ಮೊದಲು ನಡೆದರೋ ತಿಳಿಯದು, ಎಲ್ಲರೂ ಕಾರ್ಖಾನೆಯ ರಸ್ತೆಗೆ ಇಳಿದಿದ್ದರು. ಕಾವಲಿನವನು ಗೇಟು ತೆರೆದು ಬದಿಗೆ ಸರಿದ. ಹುಲ್ಲಿನ ಕೋಣೆಯ ಬಾಗಿಲಿಗೆ ಬೆನ್ನು ಆನಿಸಿ ಭಾವ ನೆಲದ ಮೇಲೆ ಕೂತರು. ಪಕ್ಕದಲ್ಲಿ ತಂಗಿ, ಆಮೇಲೆ ಕುಳ್ಳಿ, ಆಮೇಲೆ ಬಾಯ್ಲರ್ ಮುದುಕ. ಸಾಲು ಗೋಡೆಯುದ್ದಕ್ಕೂ ಬೆಳೆಯಿತು. ಹುಲ್ಲು ತಿರುವಿ ಎಂದು ಕಚೇರಿಯ ಕಿಟಕಿಯಲ್ಲಿ ಯಾರೋ ಕೂಗುತ್ತಿದ್ದರು.

ಅವರ ಬೆನ್ನ ಹಿಂದೆ, ಯಾರೂ ತಿರುವದ ಹುಲ್ಲು ಬೇಯತೊಡಗಿತ್ತು. ಬಾಗಿಲಿನ ಸಂದಿಯಿಂದ ಹುಳಿ ವಾಸನೆಯ ಹಬೆ ಹೊರಬಂದು ಅವರ ಬಟ್ಟೆ ನೆನೆಸಿತು. ಭಾವ ಅಂಗಿಯ ಗುಂಡಿ ಒಂದನ್ನು ಬಿಚ್ಚಿಕೊಂಡು, ಕಾಲು ನೀಡಿ, ಇನ್ನೂ ಸರಿಯಾಗಿ ಕೂತರು.